ಕೊನೆಯ ಟ್ರಿಪ್ಪಿನ ಲೆಕ್ಕ

ಹನ್ನೊಂದು ನಲವತ್ತಕ್ಕೆ ಲೈಬ್ರರಿಯ ಬಾಗಿಲಿಂದ,
ಏಳು ನಿಮಿಷಕ್ಕೆ ಡಬ್ಲ್ಯೂ ಲಾಟು.
ಕ್ಯಾಂಪಸ್ಸಿನ ನಕ್ಷೆಯಲ್ಲಿ ಅದು ಕಾಣುವುದಿಲ್ಲ,
ಕಾಗದ ಅಷ್ಟರಲ್ಲೇ ಮುಗಿದು
ಅಂಚಿಗೊಂದು ಬಾಣ ಮಾತ್ರ: ಇನ್ನೂ ಮುಂದೆ.
ಆಚೆ ಸಕ್ಕರೆ ಬೀಟಿನ ಹೊಲ. ಹೊಲದಾಚೆ ಕೆನಡಾದ ಗಾಳಿ.

ನಾನು ಆರ್ಡಿಸ್ ಕ್ವಾಲೆ. ಇಪ್ಪತ್ತೆರಡು ಅಕ್ಟೋಬರು
ಅದೇ ಹೊಲದಿಂದ ಬೀಟಿನ ಲಾರಿ ಹೊಡೆದವಳು.
ಗಡ್ಡೆಗಳು ಮಾತಾಡುವುದಿಲ್ಲ.
ವಿದ್ಯಾರ್ಥಿಗಳೂ ಹೆಚ್ಚುಕಡಿಮೆ ಹಾಗೆಯೇ,
ಕಿವಿಗೆ ಬಿರಟೆ ಜಡಿದುಕೊಂಡು ಹತ್ತುತ್ತಾರೆ,
ಇಳಿಯುವಾಗ ಮಾತ್ರ ಒಬ್ಬೊಬ್ಬರೂ ಥ್ಯಾಂಕ್ಸ್ ಅನ್ನುತ್ತಾರೆ.
ಗಡ್ಡೆಗಿಂತ ಅದೊಂದು ಮೇಲು.

ವರ್ಷಕ್ಕೆ ನೂರಾ ಎಂಬತ್ತು ಡಾಲರಿನ ಸ್ಟಿಕ್ಕರು.
ಜಾಗ ಸಿಗುತ್ತದೆಂದು ಅದರಲ್ಲಿ ಬರೆದಿಲ್ಲ,
ಹುಡುಕಬಹುದೆಂದು ಬರೆದಿದೆ.
ಬೆಳಿಗ್ಗೆ ಎಂಟಕ್ಕೆ ನೋಡಬೇಕು,
ಕೀಲಿಕೈ ಹಿಡಿದು ನಡೆಯುವ ಒಬ್ಬನ ಹಿಂದೆ
ಮೂರು ಕಾರು, ಆಸ್ತಿವಂತನ ಹಿಂದೆ ನೆಂಟರ ಹಾಗೆ.

ನಡುರಾತ್ರಿಗೆ ಲಾಟು ಬರಿದು.
ಏಳನೇ ದೀಪದ ಕಂಬದಡಿ ಒಂದೇ ಒಂದು
ಹಸಿರು ಬ್ಯೂಕ್, ಬಾಗಿಲೊಂದು ಬೇರೆ ಬಣ್ಣ.
ಜೋಲೀನ್ ಪೊಯಿತ್ರಾಳದು. ನರ್ಸಿಂಗ್, ಎರಡನೇ ವರ್ಷ.
ಊರು ಟರ್ಟಲ್ ಮೌಂಟನ್ ಕಡೆ, ಮೂರು ಗಂಟೆಯ ದಾರಿ.
ಇಷ್ಟು ಹೇಳಲು ಒಂದು ಸೆಮಿಸ್ಟರು ತೆಗೆದುಕೊಂಡಳು,
ಬಸ್ಸಿನ ಮೆಟ್ಟಿಲ ಮೇಲೆ, ದಿನಕ್ಕೊಂದು ಪದ.

ಡಿಸೆಂಬರಿನಲ್ಲಿ ಕಂಡೆ:
ಎಲ್ಲರ ಗಾಜಿಗೂ ಹಿಮ ಹೊರಗೆ ಕಟ್ಟಿದರೆ
ಬ್ಯೂಕಿನ ಗಾಜಿಗೆ ಒಳಗೆ ಕಟ್ಟಿತ್ತು.
ಉಸಿರು ಅದು.
ರಾತ್ರಿಯಿಡೀ ಬಿಟ್ಟ ಉಸಿರು.

ನಾನೇನೂ ಕೇಳಲಿಲ್ಲ. ಕೇಳಿದ್ದರೆ
ಉತ್ತರಕ್ಕೊಂದು ಫಾರಮ್ಮು ಇರುತ್ತಿತ್ತು,
ಫಾರಮ್ಮಿಗೊಂದು ಆಫೀಸು, ಆಫೀಸಿಗೆ ಐದಕ್ಕೆ ಬೀಗ.
ಸುಮ್ಮನೆ ಬಸ್ಸು ನಿಲ್ಲಿಸಿ, ಹೀಟರು ಹಾಗೇ ಬಿಟ್ಟು
ನನಗಿಲ್ಲಿ ಇಪ್ಪತ್ತು ನಿಮಿಷ ಬಿಡುವು, ಕೂತಿರು ಅಂದೆ.
ಸುಳ್ಳು. ಐದು ನಿಮಿಷಕ್ಕೆ ಎಂಜಿನ್ ಆರಿಸಬೇಕೆಂದು ನಿಯಮ.
ಅವಳು ಹಿಂದಿನ ಸೀಟಿನಲ್ಲಿ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು,
ಪಾದದಿಂದ ಶುರುಮಾಡಿ ಮೇಲಕ್ಕೆ.
ಪಾಠ ಮೊಣಕಾಲು ಮುಟ್ಟುವಷ್ಟರಲ್ಲಿ
ಕಾಲ್ಬೆರಳು ಬೆಚ್ಚಗಾಗುತ್ತಿದ್ದವಂತೆ.

ಚೀಟಿ ಅಂಟಿಸುವ ಲೈಲ್‌ಗೂ ಗೊತ್ತಿತ್ತು.
ಎರಡರಿಂದ ಆರರವರೆಗೆ ಯಾವ ಕಾರೂ ನಿಲ್ಲಬಾರದು, ಹಿಮ ಗೋರಬೇಕು.
ಮೈನಸ್ ಇಪ್ಪತ್ತಕ್ಕೆ ಗೋಂದು ಹಿಡಿಯೋದಿಲ್ಲ ಆರ್ಡಿಸ್ ಅಂದ,
ಹಳದಿ ಕಟ್ಟನ್ನು ಕಿಸೆಗೆ ತುರುಕುತ್ತ.
ಪಕ್ಕದ ಲಾಟಿನಲ್ಲಿ ಯಾರೋ ಪ್ರೊಫೆಸರರ ಕಾರಿಗೆ
ಅದೇ ರಾತ್ರಿ ಚೆನ್ನಾಗಿಯೇ ಹಿಡಿದಿತ್ತು.

ಫೆಬ್ರವರಿಯಲ್ಲಿ ಮೇಲಿನಿಂದ ಕಾಗದ ಬಂತು:
ಕೊನೆಯ ಟ್ರಿಪ್ಪಿಗೆ ಜನವಿಲ್ಲ,
ಸರಾಸರಿ ಸೊನ್ನೆ ಪಾಯಿಂಟ್ ಒಂಬತ್ತು.
ಆ ಸೊನ್ನೆ ಪಾಯಿಂಟ್ ಒಂಬತ್ತನ್ನು ನಾನು ಬಲ್ಲೆ.
ಉಳಿದ ಪಾಯಿಂಟ್ ಒಂದು,
ಇಪ್ಪತ್ತು ರಾತ್ರಿಗಳಲ್ಲಿ ಅವಳಿಗೆ ಜ್ವರ ಬಂದಿದ್ದ ಎರಡು.

ಮಾರ್ಚಿನ ಒಂದು ಸೋಮವಾರ ಬ್ಯೂಕ್ ಇರಲಿಲ್ಲ.
ಸುತ್ತ ಬಿಳಿ, ನಡುವೆ ಕಾರಿನಷ್ಟೇ ಉದ್ದಗಲದ ಒಣ ಡಾಂಬರು.
ಕೋಣೆ ಸಿಕ್ಕಿತೋ, ಓದು ಬಿಟ್ಟಳೋ,
ಗೋಂದು ಕಡೆಗೂ ಹಿಡಿಯಿತೋ.
ಲೈಲ್ ಹಿಮಕ್ಕೆ ಉಗುಳಿ, ನಾನಲ್ಲ ಅಂದ.
ಬೆಳಿಗ್ಗೆ ಆ ಜಾಗಕ್ಕೆ ಇಬ್ಬರು ಜಗಳಾಡಿದರು.

ಸ್ಟೀರಿಂಗಿನ ಬಲಕ್ಕೆ ಜನ ಎಣಿಸುವ ಪುಟ್ಟ ಯಂತ್ರ.
ಈಗ ಹನ್ನೊಂದು ನಲವತ್ತಕ್ಕೆ ಯಾರೂ ಬರುವುದಿಲ್ಲ.
ಬಾಗಿಲು ತೆರೆಯುತ್ತೇನೆ,
ಚಳಿ ಹತ್ತುತ್ತದೆ,
ಒಂದು ಒತ್ತುತ್ತೇನೆ.