ಹಾರಿಸನ ವಹಿ

ಮಹಬೂಲ ಅಂದರೆ ಅರಬಿಯಲ್ಲಿ ಹುಚ್ಚಿ.
ಏಪ್ರಿಲಿನ ಒಂದು ರಾತ್ರಿ
ಹುಚ್ಚಿಗೆ ಮುಳ್ಳುತಂತಿ ಉಡಿಸಿ ಹೋದರು.
ಬೆಳಿಗ್ಗೆ ಬೀದಿಯ ತುದಿಗೆ ಪೊಲೀಸು,
ಅವನ ಬೆನ್ನ ಹಿಂದೆ ಸಮುದ್ರ, ಏನೂ ಗೊತ್ತಿಲ್ಲದ ಹಾಗೆ.

ಏಳು ಮಾಳಿಗೆ, ಐವತ್ತಾರು ಬಾಗಿಲು.
ಕಟ್ಟಡ ಕಾಯುವ ಹಾರಿಸ್, ಪೌಲು ಬೊತೇಲೊ,
ನೀರಿನ ಲೆಕ್ಕದ ವಹಿಯನ್ನು ತಲೆಕೆಳಗು ಮಾಡಿ
ಹಿಂದಿನಿಂದ ಬರೆಯತೊಡಗಿದ.
ಕನ್ನಡದಲ್ಲಿ. ಶಂಕರಪುರದ ಶಾಲೆಯ ದುಂಡಕ್ಷರ.

ತಂತಿಯಾಚೆ ಬಕಾಲದ ಪಕ್ರಬ್ಬ
ಉಪ್ಪಿನಕಾಯಿ ಜಾಡಿಗೆ ವಿನೆಗರ್ ತುಂಬಿಸಿಟ್ಟ.
ಫಿಲ್ಸು ಅದರೊಳಗೆ, ಖುಬ್ಬೂಸು ತಂತಿಯ ಮೇಲಿಂದ.
ಮೂರನೇ ವಾರ ನನ್ನ ಕೈ ಬರಿದು.
‘ಏನಾದ್ರೂ ಹಾಕು ಮಾರಾಯ್ತಿ, ಸದ್ದಾಗಲಿ,
ಪೊಲೀಸು ನೋಡ್ತಾನೆ.’
ಗುಂಡಿ ಕಿತ್ತು ಹಾಕಿದೆ.

ಐವತ್ತೆರಡರ ಥರ್ಲಬಿ ಮೇಷ್ಟ್ರು
ಮೇಲಿನ ಬಾಲ್ಕನಿಯಿಂದ ಅದನ್ನು ಕಂಡು
ತಮ್ಮೂರಿನ ಕತೆ ಕೂಗಿ ಹೇಳಿದರು.
ಅರ್ಧ ನನಗೆ ತಿಳಿಯಿತು, ಅರ್ಧ ಪೌಲು ತಿಳಿಸಿದ:
ನಾನೂರು ವರ್ಷದ ಹಿಂದೆ ಅಲ್ಲಿಗೂ ಪ್ಲೇಗು,
ಗಡಿಕಲ್ಲಿನ ಗುಳಿಯಲ್ಲಿ ವಿನೆಗರ್, ಅದರಲ್ಲಿ ಕಾಸು.
ಇಗರ್ಜಿಯ ಮರಣಪುಸ್ತಕ ಇನ್ನೂ ಇದೆಯಂತೆ.
ಕಮ್ಮಾರ, ಕಮ್ಮಾರನ ಹೆಂಡತಿ,
ಹೆಸರಿಡುವ ಮೊದಲೇ ಹೋದ ಕೂಸು.
ಆಗಸ್ಟಿನ ನಡುವೆ ಒಂದು ಸಾಲು ಅರ್ಧಕ್ಕೆ ನಿಂತು
ಮುಂದಿನದು ಬೇರೆ ಕೈಬರಹ.
ಬರೆಯುತ್ತಿದ್ದವನ ಹೆಸರು ಯಾವ ಸಾಲಿನಲ್ಲೂ ಇಲ್ಲ.

ಪೌಲು ನಕ್ಕು, ಪೆನ್ನು ಕಿವಿಗೆ ಸಿಕ್ಕಿಸಿಕೊಂಡ.

‘೨೪. ಓಬುಳಮ್ಮ, ಕಡಪ. ಹೋದಳು. ಬಂದಳು.
೩೧. ತೋಫಜ್ಜಲ್, ಮೇಲಿನ ಹಾಸಿಗೆ. ಹೋದ.
೩೧. ಶಹಾತ, ಕೆಳಗಿನ ಹಾಸಿಗೆ. ಹೋದ.
ಚಪ್ಪಲಿ ನನ್ನಲ್ಲಿದೆ.
೪೪. ಕೆಮ್ಮು. ಅಕಾಮ ಇಲ್ಲವಂತೆ.
ಬರೆಯಬೇಡಿ ಅಂದ. ಬರೆದಿಲ್ಲ.’

ಮೇ ಹದಿನೇಳು.
‘ನೆಲಮಾಳಿಗೆ. ಪೌಲು ಬೊತೇಲೊ. ಜ್ವರ ನೂರಾ’

ಅಷ್ಟೇ.

ಈ ಕಟ್ಟಡದಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ,
ಹದಿನೇಳರ ಆಯಾ, ಕೊಳ್ಳೇಗಾಲದವಳು.
ವಹಿ ನನ್ನ ಕೈಗೆ ಬಂತು.
ನನ್ನದು ಕೋಳಿಕಾಲಿನ ಅಕ್ಷರ.
ಅವನ ಸಾಲು ಮುಗಿಸಲಿಲ್ಲ.
ನೂರಾ ಎಷ್ಟು, ನನಗೇನು ಗೊತ್ತು?
ಆಸ್ಪತ್ರೆಗೆ ಫೋನು ಹಚ್ಚಿದರೆ ಹಾಡು ಕೇಳಿಸುತ್ತದೆ, ಮನುಷ್ಯರಿಲ್ಲ.
ಎರಡಕ್ಷರ ಹಿಡಿಯುವಷ್ಟು ಜಾಗ ಬಿಟ್ಟು
ಕೆಳಗೆ ಬರೆದೆ:

‘ಪಕ್ರಬ್ಬನಿಗೆ ಹದಿನಾಲ್ಕು ಖುಬ್ಬೂಸಿನ ಬಾಕಿ.’

ನನ್ನ ಬಟ್ಟೆಯ ಗುಂಡಿಗಳೆಲ್ಲ ಮುಗಿದಿವೆ.
ನೆಲಮಾಳಿಗೆಯ ಮೊಳೆಯಲ್ಲಿ ಅವನ ಖಾಕಿ ಅಂಗಿ.
ಅದರಲ್ಲಿ ಇನ್ನೆರಡು ಉಳಿದಿವೆ.