ಆರು ಸೆಲ್ಲಿನ ಪೆಟ್ಟಿಗೆ

ಸಾಂಗಲಿಗೆ ಪಟಲ ಮಾರಲು ಹೋದ ಮುರಿಗೆಪ್ಪ ಕಾಕಾ
ರೊಕ್ಕದ ಬದಲು ಒಂದು ಪೆಟ್ಟಿಗೆ ತಂದ.
ಕಾಕು ಮೂರು ದಿನ ಮಾತು ಬಿಟ್ಟಳು.
ನಾಲ್ಕನೇ ದಿನ ಅದಕ್ಕೆ ಹೊದಿಸಲು
ತಾನೇ ಒಂದು ಚೌಕ ಹೊಲಿದಳು, ಅಂಚಿಗೆ ಝಾಲರಿ ಇಟ್ಟು.

ಮೊಳದುದ್ದದ ಜಪಾನಿ ಬಾಜಾ.
ಬೆನ್ನೊಳಗೆ ಆರು ಸೆಲ್ಲು.
ಬಟನ್ನಿಗೊಂದು ಇಂಗ್ಲಿಷ್ ಹೆಸರು.
ಎಸೆಸ್ಸೆಲ್ಸಿ ಮೂರು ಸಲ ಫೇಲಾದ ಸಿದರಾಯ ಓದಿ ಹೇಳಿದ:
ರಾಕ್. ವಾಲ್ಟ್ಜ್. ಡಿಸ್ಕೋ. ಬೋಸಾ ನೋವಾ.
"ಯಾರವಾ ಬೋಸಾ? ಏನಾಗೇತಂತ ನೋವು?"
ಕಂಡಿಕಿ ಸುತ್ತುತ್ತಲೇ ಕೇಳಿದಳು ಆಯಿ.
ಒತ್ತಿ ನೋಡಿದರೆ ಅದರಲ್ಲಿ ಅಳು ಇರಲಿಲ್ಲ,
ಟಿಕ್ಕು ಟಿಕ್ಕು ಟಕ್ಕ, ಟಿಕ್ಕು ಟಕ್ಕ,
ಕಾಲಿಗೆ ಮುಳ್ಳು ಮುರಿದವನು
ಯಾರೂ ನೋಡದಾಗ ಕುಣಿದ ಹಾಗೆ.
"ಹಗುರ ನೋವು ಬಿಡು," ಅಂದಳು ಆಯಿ,
"ಸಂಜಿಕ ಮಾಯತೈತಿ."

ಪಿಟೀಲಿನ ಬಟನ್ನಿನಲ್ಲಿ ಸೊಳ್ಳೆ ಇದ್ದವು.
ಕೊಳಲು, ಕುಕ್ಕರಿನ ತಂಗಿ.
ಮನುಷ್ಯರ ದನಿ ಅಂತಲೂ ಒಂದಿತ್ತು:
ನೆಗಡಿಯಾದ ದೇವರು ಹೂಂಗುಟ್ಟಿದಂತೆ.
ಯಾವುದೂ ತಾನು ಹೇಳಿಕೊಂಡದ್ದಾಗಿರಲಿಲ್ಲ;
ಅದಕ್ಕೇ ಇರಬೇಕು, ಎಲ್ಲವೂ ನಮಗೆ ಸೇರಿದವು.

ಬ್ಯಾಂಡ್ ಕಂಪನಿಯ ಕ್ಲಾರ್ನೆಟ್ ದಸ್ತಗೀರ ಮಾಮಾ ಮಾತ್ರ
ಎಲೆ ಅಡಕೆ ಉಗುಳಿ ಅಂದ: "ಉಸುರಿಲ್ಲದ ವಾದ್ಯ.
ಹೆಣದ ಕೈಯಾಗ ಗಡಿಯಾರ."
ಕಾಕಾ ನಕ್ಕ. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ
ಉಸಿರಿಲ್ಲದ್ದು ತಾಳ ಹಾಕುವುದು ಹೊಸತೇ?
ಖಟಾಪಟ್ ಖಟಾಪಟ್,
ತೊಟ್ಟಿಲಲ್ಲೇ ಕಲಿಸಿತ್ತು ರಬಕವಿಯ ಓಣಿ.

ಕರೆಂಟು ಹೋದರೆ ನೂರು ಮಗ್ಗ ಒಮ್ಮೆಲೆ ಮೂಕ,
ಕಿವಿಯೊಳಗೆ ಬಾವಿ ತೋಡಿದಂತೆ.
ಆಗ ಕಾಕಾ ಕಟ್ಟೆಗೆ ಬಂದು ಝಾಲರಿ ಸರಿಸುತ್ತಿದ್ದ.
ಆರು ಸೆಲ್ಲು ಇಡೀ ಓಣಿಯ ತಾಳ ಹೊರುತ್ತಿದ್ದವು.
ಸೆಲ್ಲು ಇಳಿದ ಹಾಗೆ ಹಾಡೂ ಇಳಿಯುತ್ತಿತ್ತು:
ಡಿಸ್ಕೋ ಹೋಗಿ ಭಜನೆ, ಭಜನೆ ಹೋಗಿ ಗೊರಕೆ.
ಅವನ್ನು ಬಿಸಿಲಿಗೆ ಇಡುವುದು ನನ್ನ ಕೆಲಸ,
ಹಪ್ಪಳದ ಪಕ್ಕ. ಆಯಿ ಎರಡನ್ನೂ ಎಣಿಸುತ್ತಿದ್ದಳು.

ನಡುವಿನ ಒಂದು ಪಟ್ಟಿ ತಂದಾಗಲೇ ಸತ್ತಿತ್ತು.
ಯಾವ ಹಾಡಿನಲ್ಲೂ ಅಲ್ಲೊಂದು ತಗ್ಗು.
ಅದು ಬಂದಾಗ ನಾವು ಸಣ್ಣವರು ಬಾಯಿಂದ
"ಪೀಂ" ಅನ್ನಬೇಕು. ತಡವಾದರೆ ಕಾಕಾ ಗದರುತ್ತಿದ್ದ,
ಸಂಬಳ ಕೊಟ್ಟವನ ಹಾಗೆ.

ಎರಡು ವರ್ಷಕ್ಕೆ ದಸ್ತಗೀರ ಮಾಮಾನಿಗೆ ದಮ್ಮು ಹಿಡಿಯಿತು.
ಮಿರಜದ ಡಾಕ್ಟರು ಕ್ಲಾರ್ನೆಟ್ ಬಿಡಿಸಿದರು.
ಕರೆಂಟಿಲ್ಲದ ಒಂದು ಸಂಜೆ
ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದ, ಮಾತಿಲ್ಲದೆ.
ಕಾಕಾ ಸರಿದು ಜಾಗ ಕೊಟ್ಟ.
ತೂತು ಮುಚ್ಚಿ ರೂಢಿಯಾದ ಬೆರಳು
ತೂತಿಲ್ಲದ ಪಟ್ಟಿಗಳನ್ನು ಮುಚ್ಚಿ ಮುಚ್ಚಿ ನೋಡಿದವು.
ಆಮೇಲೆ ಬೋಸನ ನೋವು ಒತ್ತಿದ.

ನುಡಿಸಿದ. ಮದುವೆಯದಲ್ಲ, ಮೆರವಣಿಗೆಯದಲ್ಲ,
ಏನೋ ಒಂದು.
ಸಾಲು ಮುಗಿಯುವಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದ,
ಹಳೆ ಚಾಳಿ. ಪೆಟ್ಟಿಗೆ ಕಾಯಲಿಲ್ಲ,
ಟಿಕ್ಕು ಟಕ್ಕ. ಅವನೇ ಓಡಿ ಓಡಿ ಕೂಡಿಕೊಂಡ.
ಸತ್ತ ಪಟ್ಟಿ ಬಂತು. ನಾವ್ಯಾರೂ ಬಾಯಿ ಬಿಡಲಿಲ್ಲ.
ಅವನೇ ಅಂದ, ಕೆಮ್ಮಿನ ನಡುವೆ, ಸಣ್ಣಗೆ.

"ಬರೇ ಸುಳ್ಳ ಹೇಳತೈತಿ ಬಡ್ಡಿಮಗಂದು," ಅಂದ ಏಳುವಾಗ,
"ದಮ್ಮಿಲ್ಲಂತ ನಾಚಿಕಿನೂ ಇಲ್ಲ ಅದಕ್ಕ."
ಮರುದಿನ ಆರು ಹೊಸ ಸೆಲ್ಲು ತಂದ.

ಈಗ ತಂಗಿಯ ಮಗ ಫೋನಿನಲ್ಲಿ ಅಂಥದೇ ಸದ್ದು ಹಚ್ಚುತ್ತಾನೆ.
ಹಳೆ ಕಾಲದ್ದು, ಮತ್ತೆ ಭಾರಿ ನಡೆದಿದೆಯಂತೆ.
ಸೊಳ್ಳೆ ಸಮೇತ, ಸೆಲ್ಲು ಇಳಿದ ಗೊರಕೆ ಸಮೇತ;
ದುಡ್ಡು ಕೊಟ್ಟರೆ ಅದೂ ಸಿಗುತ್ತದೆ.
ಎಲ್ಲ ಪಟ್ಟಿಯೂ ಜೀವಂತ.
ರೊಟ್ಟಿ ಬಡಿಯುತ್ತ ಕೇಳುತ್ತೇನೆ.
ತಗ್ಗು ಇರಬೇಕಾದಲ್ಲಿ ಬಾಯಿ ತಾನೇ ತೆರೆಯುತ್ತದೆ.
"ಏನಂದಿ ದೊಡ್ಡವ್ವಾ?"
ಏನಿಲ್ಲಪಾ, ಅಂದೆ.
ಹಿಟ್ಟು ಕಡಿಮಿ ಬಿದ್ದಿತ್ತು.