ಲೈನ್ ಕ್ಲಿಯರ್

ಸೆಕ್ಷನ್ ಆಫೀಸಿನ ಮೇಜಿಗೆ ಒಂದು ಕಾಲು ಗಿಡ್ಡ.
ಅದರಡಿಗೆ ಇಟ್ಟ ದಪ್ಪ ಡಿಕ್ಷನರಿಯಲ್ಲಿ
ಈ ಒಂದು ಶಬ್ದಕ್ಕೆ ಒಂದೂವರೆ ಪುಟ:
ಗೆರೆ, ಸಾಲು, ಹುರಿ, ತಂತಿ, ಎಲ್ಲೆ, ವಂಶ, ಸುಕ್ಕು.
ಮಿಕ್ಕಿದ್ದು ಗೆದ್ದಲಿಗೆ ಗೊತ್ತು.

ಅಪ್ಪನಿಗೆ ಗೊತ್ತಿದ್ದದ್ದು ಒಂದೇ.
ಹಾರವಾಡದ ಬಂಡೆಯಾಚೆ ಪಾತಿದೋಣಿಯಲ್ಲಿ ಕೂತು
ತೋರುಬೆರಳ ಮೇಲೆ ನೈಲಾನು ಹಾಯಿಸಿ
ನೀರೊಳಗೆ ಇಳಿಬಿಡುವುದು.
ಗೋಬ್ರ ಕಚ್ಚಿದರೆ ಒಂದು ಬಗೆ, ಏಡಿ ಜಗ್ಗಿದರೆ ಇನ್ನೊಂದು.
"ಜೀವ ಉಂಟು ಲೈನಲ್ಲಿ" ಅನ್ನುತ್ತಿದ್ದ,
ಬೀಡಿ ಕಚ್ಚಿದ ಬಾಯಲ್ಲೇ ನಕ್ಕು.

ನಾನು ಮಾಸ್ತಿ ಹರಿಕಂತ್ರ,
ಇಪ್ಪತ್ತು ವರ್ಷದಿಂದ ಜೂನಿಯರ್ ಲೈನ್‌ಮ್ಯಾನ್.
ನನ್ನದು ತಲೆ ಮೇಲಿನ ಲೈನು.
ಅದರಲ್ಲಿ ಜೀವ ಇಲ್ಲವೆಂದು ಖಾತ್ರಿಯಾಗದೆ
ಮುಟ್ಟುವಂತಿಲ್ಲ.
ಕಂಬದ ಬುಡದಲ್ಲಿ ನಿಂತು ಸ್ಟೇಷನ್ನಿಗೆ ಫೋನು:
"ಲೈನ್ ಕ್ಲಿಯರ್ ಕೊಡಿ."
"ಲೈನಲ್ಲೇ ಇರು."
ಲೈನಲ್ಲೇ ಇರು ಅಂದರೆ
ಲೈನು ಮುಟ್ಟಬೇಡ ಎಂದರ್ಥ.

ಆವರ್ಸೆಯಲ್ಲಿ ಒಮ್ಮೆ ಒಂದೇ ಕಂಬವನ್ನು
ವಾರದಲ್ಲಿ ನಾಲ್ಕು ಸಲ ಹತ್ತಿದೆ.
ಫ್ಯೂಸು ಸರಿಯೇ ಇತ್ತು.
ಅಂಗಳದಲ್ಲಿ ಬಂಗಡೆ ಒಣಗಿಸುತ್ತಿದ್ದವಳು
ತಲೆಯೆತ್ತಿ ಕೇಳಿದಳು,
"ಲೈನ್ ಸರಿ ಮಾಡೂಕೆ ಬಂದದ್ದೋ,
ಲೈನ್ ಹೊಡೂಕೆ ಬಂದದ್ದೋ?"
ಈಗ ಅವಳು ರೇಷನ್ ಅಂಗಡಿಯ ಲೈನಲ್ಲಿ ನಿಂತು,
ಹೆಬ್ಬೆಟ್ಟಿನ ಮಷಿನು ಸತ್ತಿದೆಯೆಂದು,
"ಲೈನ್ ಯಾವಾಗ ಬತ್ತದೆ?" ಅಂತ
ಊರ ಪರವಾಗಿ ನನಗೇ ಫೋನು ಮಾಡುತ್ತಾಳೆ.

ಮಳೆಗಾಲಕ್ಕೆ ಮೊದಲು ಅಳತೆಯವರು ಬಂದರು.
ಅಡುಗೆಮನೆ ಗೋಡೆಗೆ ಕೆಂಪು ಬಣ್ಣ ಎಳೆದು
"ರಸ್ತೆ ಅಗಲಕ್ಕೆ ಇಲ್ಲಿಗೆ ಲೈನು" ಎಂದರು.
ಒಲೆ ಆಚೆ, ನೀರಿನ ಹಂಡೆ ಈಚೆ.
ಅವ್ವ ಹೊರಗೆ ಬಂದು ಮೇಲೆ ಕೆಳಗೆ ಹುಡುಕಿದಳು.
ತಂತಿ ಇಲ್ಲ, ಹಗ್ಗ ಇಲ್ಲ.
"ಎಲ್ಲುಂಟು ಮಾರಾಯ, ತೋರ್ಸು.
ನಾ ದಾಟದಿದ್ರಾಯ್ತಲ್ಲ."
ದಿನಾ ಲೈನು ನೋಡಿಕೊಳ್ಳುವವನು ನಾನು,
ಏನು ತೋರಿಸಲಿ.

ಅಪ್ಪ ತಡಕಾಡುತ್ತ ಗೋಡೆಯ ಹತ್ತಿರ ಹೋದ. ಕಣ್ಣು ಮಂಜು.
ಆ ಕೆಂಪಿನ ಮೇಲೆ ತೋರುಬೆರಳಿಟ್ಟು ನಿಂತ, ಸುಮ್ಮನೆ,
ದೋಣಿಯಲ್ಲಿ ಕಾಯುತ್ತಿದ್ದ ಹಾಗೆ.
ಬೆರಳ ಮಡಿಕೆಯಲ್ಲಿ ನೈಲಾನು ಕೊಯ್ದ ಹಳೆಯ ಗೆರೆ.
ಅಳತೆಯವರ ಜೀಪು ಸ್ಟಾರ್ಟಾಗಿ ಹೋಯಿತು.
ಬಹಳ ಹೊತ್ತಾದ ಮೇಲೆ ಕೈ ತೆಗೆದು
"ಎಂತಾ ಇಲ್ಲ ಇದ್ರಲ್ಲಿ" ಅಂದ.

ಬಣ್ಣ ಇನ್ನೂ ಹಸಿಯಿತ್ತು.
ಬೆರಳನ್ನು ಪಂಜಿಗೆ ಒರೆಸಿಕೊಂಡ.